ಮನೆಯ ಗೋಡೆಗೆ ಯಾವ ಬಣ್ಣ?

(ದಸರೆಯ ಪೂರ್ವದಲ್ಲಿ ಜರುಗಿದ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ದಸರೆಯು ಸಮೀಪಿಸಿದೆ. ಮಳೆಯು ಹಿಂದೆ ಸರಿಯುತ್ತಲೇ ನಮ್ಮ ಗಡಿನಾಡಿನ ಮನೆಮನೆಗಳಲ್ಲಿಯೂ ಭಾಂಡೆ-ಪಾತ್ರೆಗಳು ಅಂಗಳಕ್ಕೆ ಬರುತ್ತವೆ. ಕೌದಿಗಳು ಹೊಳೆಗೆ ಹೋಗುತ್ತವೆ. ವರ್ಷವಿಡೀ ಸುಮ್ಮನಿದ್ದ ಗೋಡೆಗಳು ಒಮ್ಮೆಲೇ ಮನೆಯವರೆಲ್ಲರ ಚರ್ಚೆಗೆ ವಿಷಯವಾಗುತ್ತವೆ. ತಂದೆಗೆ ಒಂದು ಬಣ್ಣ ಬೇಕು, ತಾಯಿಗೆ ಇನ್ನೊಂದು. ಅಂಗಡಿಯವನು ಕೊಟ್ಟ ಶೇಡ್ ಕಾರ್ಡನ್ನು ಹಿಡಿದು ಕುಳಿತ ಮಕ್ಕಳಿಗೆ ಮತ್ತೊಂದು. ಪರೀಕ್ಷೆ, ಹಾಜರಿ, ಶಿಸ್ತುಗಳನ್ನು ಕುರಿತು ಮಾತನಾಡಬೇಕಾದ ಮುಖ್ಯಾಧ್ಯಾಪಕರು ಇಂದು ಗೋಡೆಯ ಬಣ್ಣದ ಮಾತನ್ನೇಕೆ ಎತ್ತಿಕೊಂಡರೆಂದು ತಾವು ಆಶ್ಚರ್ಯಪಡಬಹುದು. ಅದಕ್ಕೆ ಕಾರಣವಾದ ಒಂದು ಪ್ರಸಂಗವನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇವೆ. ಅದರಲ್ಲಿ ತಪ್ಪು ನಮ್ಮದು.

ಕೆಲವು ವರ್ಷಗಳ ಹಿಂದೆ ನಾವು ಇಚಲಕರಂಜಿಯಲ್ಲಿ ಅಧ್ಯಾಪಕರಾಗಿದ್ದೆವು. ಎಂಟನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದನು. ಬಾಯಿಯಿಂದ ಕೇಳಿದ ಪ್ರಶ್ನೆಗೆ ಚುರುಕಾಗಿ ಉತ್ತರಿಸುವನು. ಆದರೆ ಮನೆಯಲ್ಲಿ ಬರೆದು ತಂದ ಅಭ್ಯಾಸವನ್ನು ನೋಡಿದರೆ ಅಕ್ಷರಗಳು ಗೆರೆಯನ್ನು ಬಿಟ್ಟು ಏರಿಳಿದಿರುತ್ತಿದ್ದವು, ಅರ್ಧ ಪುಟಕ್ಕೆ ಬರಹ ನಿಂತಿರುತ್ತಿತ್ತು. ಸೋಮಾರಿಯೆಂದು ಬಗೆದು ನಾವು ಆತನನ್ನು ಎರಡು ಸಲ ತರಗತಿಯ ಹೊರಗೆ ನಿಲ್ಲಿಸಿದೆವು. ಆಮೇಲೆ ಒಂದು ಸಂಜೆ, ಪಾಲಕರಿಗೆ ದೂರು ಹೇಳಬೇಕೆಂದೇ ಮನೆಗೆ ಹೋದೆವು.

ಮನೆಯೆಂದರೆ ಒಂದೇ ಕೋಣೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಮೇಲೆ ತಗಡು. ವಿಜಯಪುರ ಜಿಲ್ಲೆಯಿಂದ ಮಗ್ಗದ ಕೆಲಸಕ್ಕೆ ಬಂದ ಕುಟುಂಬ. ನಾಲ್ಕು ಗೋಡೆಗಳಿಗೂ ಕಡುನೀಲಿಯ ಎಣ್ಣೆಬಣ್ಣ. ಇದ್ದೊಂದು ಬಲ್ಬು ಒಲೆಯ ಮೇಲೆ ತೂಗುತ್ತಿತ್ತು. ಹುಡುಗನು ಹೊಸ್ತಿಲ ಮೇಲೆ, ಒಂದು ಕಾಲು ಒಳಗೆ ಒಂದು ಕಾಲು ಬೀದಿಯಲ್ಲಿ ಚಾಚಿ, ತೊಡೆಯ ಮೇಲೆ ವಹಿಯನ್ನಿಟ್ಟುಕೊಂಡು ಬೀದಿದೀಪದ ಬೆಳಕಿಗೆ ಬರೆಯುತ್ತಿದ್ದನು. ಹೋಗಿಬರುವವರಿಗೆಲ್ಲ ಎದ್ದು ದಾರಿ ಕೊಡಬೇಕು. ನಾವು ದೂರು ಹೇಳುವುದನ್ನು ಮರೆತೆವು.

ಇಂಥ ಕಪ್ಪಗಿನ ಬಣ್ಣವನ್ನೇಕೆ ಬಳಿಸಿದಿರಿ ಎಂದು ಕೇಳಲು ಆ ತಂದೆಯು, “ಏನ್ ಮಾಡೂದ್ರೀ ಗುರುಗಳ, ಹನ್ನೆರಡು ತಾಸಿನ ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗಾಂವಾ ನಾ. ಕಣ್ಣಿಗಿ ಕತ್ತಲಿ ಬೇಕಲ್ರೀ. ಮ್ಯಾಲ ಒಲಿ ಮಸಿನೂ ಕಾಣೂದಿಲ್ಲ” ಎಂದನು. ಆತನ ಮಾತಿನಲ್ಲಿ ತಪ್ಪೇನಿತ್ತು? ದುಡಿದವನಿಗೆ ನಿದ್ರೆ ಬೇಡವೇ? ಓದುವ ಮಗನಿಗೆ ಬೆಳಕೂ ಬೇಕು. ಒಂದೇ ಕೋಣೆಯೊಳಗೆ ಇಬ್ಬರ ನ್ಯಾಯವೂ ನಡೆಯಬೇಕು. ಬಣ್ಣದ ಪ್ರಶ್ನೆಯು ಅಂದಿನಿಂದ ನಮಗೆ ಅಂದಚಂದದ ಪ್ರಶ್ನೆಯಾಗಿ ಉಳಿಯಲಿಲ್ಲ.

ಚಿತ್ರಗಳುಳ್ಳ ಪುಸ್ತಕಗಳಲ್ಲಿ ಪಡಸಾಲೆಗೆ ಇಂಥ ಬಣ್ಣ, ಮಲಗುವ ಕೋಣೆಗೆ ಇಂಥದು, ಮಕ್ಕಳ ಕೋಣೆಗೆ ಇಂಥದು ಎಂದು ಬರೆದಿರುತ್ತಾರೆ. ನಮ್ಮ ಪಾಲಕರಲ್ಲಿ ಎಷ್ಟು ಜನರಿಗೆ ಅಷ್ಟು ಕೋಣೆಗಳುಂಟು? ಆದುದರಿಂದ ನಾವು ಲೆಕ್ಕವನ್ನು ಬೇರೆ ಕಡೆಯಿಂದ ಆರಂಭಿಸೋಣ. ಕೋಣೆಯ ಹೆಸರನ್ನು ಬಿಟ್ಟುಬಿಡಿರಿ. ಆ ಸ್ಥಳದಲ್ಲಿ ಯಾರು, ಯಾವ ಹೊತ್ತಿನಲ್ಲಿ, ಯಾವ ಕೆಲಸ ಮಾಡುತ್ತಾರೆ, ಅಲ್ಲಿಗೆ ಬೆಳಕು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿರಿ.

ವಿದ್ಯಾರ್ಥಿಗಳೇ, ಇಲ್ಲಿ ಒಂದು ಸಣ್ಣ ಗಣಿತವಿದೆ. ಹೊಸದಾಗಿ ಸುಣ್ಣ ಬಳಿದ ಬಿಳಿಯ ಗೋಡೆಯು ತನ್ನ ಮೇಲೆ ಬಿದ್ದ ಬೆಳಕಿನ 100 ಪಾಲಿನಲ್ಲಿ ಸುಮಾರು 80 ಪಾಲನ್ನು ಮರಳಿಸುತ್ತದೆ. ಕಡುನೀಲಿ, ಕಡುಹಸಿರುಗಳು ಸುಮಾರು 10 ಪಾಲನ್ನು ಮಾತ್ರ ಮರಳಿಸಿ ಉಳಿದುದನ್ನು ನುಂಗುತ್ತವೆ. ಬೆಳಕು ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿದು ಕೋಣೆಯ ಮೂಲೆಗೆ ಬರುತ್ತದಷ್ಟೆ? ಎರಡು ಸಲ ಪುಟಿದಾಗ ಬಿಳಿಯ ಕೋಣೆಯಲ್ಲಿ 64 ಪಾಲು ಉಳಿಯುತ್ತದೆ; ಕಡುಬಣ್ಣದ ಕೋಣೆಯಲ್ಲಿ 1 ಪಾಲು! ಬಲ್ಬು ಒಂದೇ, ವಿದ್ಯುತ್ತಿನ ಬಿಲ್ಲೂ ಒಂದೇ. ತೆಳುವಾದ ಕೆನೆಬಣ್ಣ, ತೆಳುಹಳದಿಗಳು ಬಿಳಿಗಿಂತ ಸ್ವಲ್ಪವೇ ಹಿಂದೆ ಬೀಳುತ್ತವೆ. ಆದುದರಿಂದ ಬಿಳಿ ಬೇಸರವೆನ್ನುವವರು ಅವುಗಳನ್ನು ನಿರ್ಭಯವಾಗಿ ಬಳಸಬಹುದು. ಯಾವ ಬಣ್ಣವನ್ನು ಗೋಡೆಗೆ ಕೊಟ್ಟರೂ ಮೇಲ್ಛಾವಣಿಯನ್ನು ಮಾತ್ರ ಬಿಳಿಯದಾಗಿಯೇ ಇಡಬೇಕು. ಅದರ ಮೇಲೆ ಯಾರೂ ಕೈಯಿಡುವುದಿಲ್ಲ, ಬೆನ್ನು ಒರಗಿಸುವುದಿಲ್ಲ; ದೀಪದ ಬೆಳಕನ್ನು ಪುಸ್ತಕದ ಮೇಲೆ ಇಳಿಸುವುದೇ ಅದರ ಉದ್ಯೋಗ.

ಆ ನೀಲಿಯ ಕೋಣೆಯಲ್ಲಿ ಏನಾಯಿತೆಂದು ಹೇಳಿಬಿಡುತ್ತೇವೆ. ಬಾಗಿಲಿಗೆ ಎದುರಾದ ಗೋಡೆಯನ್ನು ಮಾತ್ರ ಉಜ್ಜಿ ಬಿಳಿಯ ಬಣ್ಣವನ್ನು ಹೊಳಪಿಲ್ಲದಂತೆ ಕೊಡಿಸಲಾಯಿತು. ತಗಡಿನ ಒಳಮೈಗೂ ಬಿಳಿ. ತಂದೆಯು ಮಲಗುವ ಕಡೆಯ ಗೋಡೆಯು ನೀಲಿಯಾಗಿಯೇ ಉಳಿಯಿತು, ನಡುವೆ ಹಳೆಯ ಪತ್ತಲದ ಒಂದು ಪರದೆ ಬಂದಿತು. ಬಲ್ಬು ಒಲೆಯಿಂದ ನಾಲ್ಕು ಅಡಿ ಈಚೆಗೆ ಸರಿಯಿತು. ಹುಡುಗನ ಅಕ್ಷರಗಳು ಮುತ್ತಿನಂತಾದುವೆಂದರೆ ಸುಳ್ಳಾದೀತು. ಆದರೆ ಆತನು ಹೊಸ್ತಿಲನ್ನು ಬಿಟ್ಟು ಒಳಗೆ ಬಂದು ಕುಳಿತನು. ಅರ್ಧಕ್ಕೆ ನಿಲ್ಲುತ್ತಿದ್ದ ಪುಟವು ತುಂಬತೊಡಗಿತು.

ಇಂದಿನ ಸಭೆಗೆ ಕೊಲ್ಹಾಪುರದಿಂದಲೂ ಪಾಲಕರು ಆಗಮಿಸಿದ್ದಾರೆ. ಅವರಿಗೆ ಬೆಳಕಿನ ದಿಕ್ಕನ್ನು ಕುರಿತು ಬೇರೆ ಪಾಠ ಬೇಕಿಲ್ಲ. ಅಂಬಾಬಾಯಿಯ ಗುಡಿಯ ಕಿರಣೋತ್ಸವವನ್ನು ಅವರು ಬಲ್ಲರು. ನವೆಂಬರ 9, 10, 11ರಂದು ಮತ್ತು ಜನವರಿ 31, ಫೆಬ್ರುವರಿ 1, 2ರಂದು ಮುಳುಗುವ ಸೂರ್ಯನ ಕಿರಣವು ಪಶ್ಚಿಮದ ಬಾಗಿಲಿನಿಂದ ಒಳನುಗ್ಗಿ, ಮೊದಲ ದಿನ ದೇವಿಯ ಪಾದವನ್ನೂ ಎರಡನೆಯ ದಿನ ಎದೆಯನ್ನೂ ಮೂರನೆಯ ದಿನ ಪೂರ್ಣ ಮೂರ್ತಿಯನ್ನೂ ಮುಟ್ಟುವುದೆಂಬುದು ಪ್ರಸಿದ್ಧ. ಎರಡು ಕಾಲಗಳೇಕೆ? ದಕ್ಷಿಣಕ್ಕೆ ಸರಿಯುತ್ತಿರುವ ಸೂರ್ಯನು ನವೆಂಬರದಲ್ಲಿ ಕ್ಷಿತಿಜದ ಯಾವ ಸ್ಥಾನದಲ್ಲಿ ಮುಳುಗುವನೋ, ಉತ್ತರಕ್ಕೆ ಮರಳುವಾಗ ಜನವರಿಯ ಕೊನೆಗೆ ಸರಿಸುಮಾರು ಅದೇ ಸ್ಥಾನಕ್ಕೆ ಬರುತ್ತಾನೆ. ಗುಡಿಯನ್ನು ಕಟ್ಟಿದವರು ಸೂರ್ಯನ ಪಥವನ್ನು ಅರಿತು ಬಾಗಿಲನ್ನಿಟ್ಟರು. ನಾವಾದರೋ ಬಣ್ಣವನ್ನು ಕೊಂಡು ತಂದು, ಬಳಿಸಿ, ಆಮೇಲೆ ಕಿಟಕಿ ಯಾವ ದಿಕ್ಕಿಗಿದೆಯೆಂದು ನೋಡುತ್ತೇವೆ.

ಪಶ್ಚಿಮಕ್ಕೆ ಕಿಟಕಿಯುಳ್ಳ ಕೋಣೆಯಲ್ಲಿ ಶಾಲೆಯಿಂದ ಮರಳಿದ ಮಗುವು ಓದಲು ಕುಳಿತ ಹೊತ್ತಿಗೇ ಬಿಸಿಲು ಕೆಂಪಾಗಿ ಒಳಗೆ ಬರುತ್ತದೆ. ಅಲ್ಲಿ ಕಿತ್ತಳೆ, ಅಚ್ಚ ಹಳದಿ, ಗುಲಾಬಿಗಳನ್ನು ಬಳಿದರೆ ಗೋಡೆಯು ಉರಿಯುವಂತೆ ಕಾಣುವುದು. ತೆಳುವಾದ ಹಸಿರು, ಬೂದುಬೆರೆತ ತಿಳಿನೀಲಿಗಳು ಅಲ್ಲಿ ಹಿತವಾಗುತ್ತವೆ. ಉತ್ತರದ ಕಿಟಕಿಯ ಬೆಳಕು ದಿನವಿಡೀ ಹೆಚ್ಚು ಏರಿಳಿತವಿಲ್ಲದೆ ಸಮನಾಗಿರುವುದರಿಂದ ಚಿತ್ರಕಾರರು ಅದನ್ನು ಮೆಚ್ಚುತ್ತಾರೆ. ಕೊಲ್ಹಾಪುರವು ಚಿತ್ರಕಾರರ ಊರಲ್ಲವೇ? ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಬಂದು ಶಾಹೂ ಮಹಾರಾಜರ ಆಶ್ರಯ ಪಡೆದ ಆಬಾಲಾಲ ರಹಮಾನರು ಇಲ್ಲಿಯ ಕೆರೆ-ತೀರ್ಥಗಳ ಮೇಲೆ ಬೆಳಕು ಬದಲಾಗುವ ಪರಿಯನ್ನು ಜೀವನವಿಡೀ ಚಿತ್ರಿಸಿದರು. ಬಾಬೂರಾವರಂತೂ (1890–1954) ‘ಪೇಂಟರ್’ ಎಂಬುದನ್ನೇ ತಮ್ಮ ಅಡ್ಡಹೆಸರಾಗಿ ಧರಿಸಿದರು. ಇಂಥ ಊರಿನವರು ಬಣ್ಣವನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಆರಿಸಬಾರದು.

ಇನ್ನೊಂದು ಮಾತು. ಉತ್ತರದ ಕೋಣೆಗೆ ಕೆಂಪು-ಹಳದಿಗಳ ‘ಬಿಸಿ’ ಬಣ್ಣವನ್ನು ಕೊಡಬೇಕೆಂದು ಇಂಗ್ಲಿಷ್ ಪುಸ್ತಕಗಳು ಹೇಳುತ್ತವೆ. ಅವು ಚಳಿನಾಡಿನ ಪುಸ್ತಕಗಳು. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಉತ್ತರದ ಕೋಣೆಯೇ ಮನೆಯವರಿಗೆಲ್ಲ ಆಶ್ರಯ. ಅದನ್ನು ಬಿಸಿಯಾಗಿ ಕಾಣಿಸಬೇಕಾದ ಅವಶ್ಯಕತೆಯಿಲ್ಲ. ಕಾಣಿಸುವುದು ಎಂದೆವು, ಏಕೆಂದರೆ ಒಳಗಿನ ಬಣ್ಣವು ಕಣ್ಣಿಗೆ ತಂಪೆನಿಸಬಹುದೇ ಹೊರತು ಕೋಣೆಯ ಉಷ್ಣಮಾನವನ್ನು ಇಳಿಸಲಾರದು. ಅದನ್ನು ಇಳಿಸುವುದು ಹೊರಗಿನ ಬಿಳುಪು. ತಗಡಿನ ಮನೆಯಲ್ಲಿರುವವರು ಹಣ ಸ್ವಲ್ಪವೇ ಇದ್ದರೆ ಅದನ್ನು ಮೊದಲು ತಗಡಿನ ಹೊರಮೈಗೆ ಬಿಳಿ ಬಳಿಸಲು ವೆಚ್ಚಮಾಡಲಿ. ಒಳಗೋಡೆಯು ಮುಂದಿನ ದಸರೆಯವರೆಗೆ ಕಾಯಬಲ್ಲುದು.

ಇಚಲಕರಂಜಿಯ ಬಂಧುಗಳಿಗೆ ನೂಲಿನ ಬಣ್ಣದ ಅನುಭವವಿದೆ. 1904ರಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ಕಂಡ ಊರದು. ಪ್ಯಾರಿಸಿನ ಗೋಬೆಲಿನ್ ಜಮಖಾನೆಯ ಕಾರಖಾನೆಯಲ್ಲಿ ಬಣ್ಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಶೆವ್ರೆಯ್ ಎಂಬ ರಸಾಯನಶಾಸ್ತ್ರಜ್ಞನಿಗೆ, ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲವೆಂಬ ದೂರುಗಳು ಬರುತ್ತಿದ್ದವು. ಪರೀಕ್ಷಿಸಿ ನೋಡಲು ನೂಲಿನಲ್ಲಿ ದೋಷವಿರಲಿಲ್ಲ. ಅದರ ಪಕ್ಕಕ್ಕೆ ನೇಯ್ದಿದ್ದ ನೀಲಿ-ನೇರಳೆಗಳು ಅದನ್ನು ಹಾಗೆ ತೋರಿಸುತ್ತಿದ್ದವು. ನೆರೆಯ ಬಣ್ಣವು ಬಣ್ಣವನ್ನು ಬದಲಿಸುತ್ತದೆಂಬ ಈ ನಿಯಮವನ್ನು ಆತನು 1839ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ನಮ್ಮ ಮನೆಗಳಲ್ಲಿಯೂ ಹಾಗೆಯೇ. ಒಂದೇ ಡಬ್ಬಿಯ ಬೂದುಬಿಳಿಯು ಕೆಂಪು ಗಚ್ಚಿನ ನೆಲದ ಮೇಲೆ ತುಸು ಹಸಿರಾಗಿ ತೋರುವುದು, ನೀಲಿ ಬಾಗಿಲಿನ ಪಕ್ಕದಲ್ಲಿ ಹಳದಿಗೆ ತಿರುಗುವುದು, ಬೂದುಬಣ್ಣದ ಶಹಾಬಾದಿ ಫರ್ಸಿಯ ಮೇಲೆ ಇದ್ದಂತೆಯೇ ಇರುವುದು. ನೆಲವನ್ನು ಯಾರೂ ದಸರೆಗೊಮ್ಮೆ ಬದಲಿಸುವುದಿಲ್ಲ. ಆದುದರಿಂದ ಗೋಡೆಯೇ ನೆಲಕ್ಕೆ ಹೊಂದಿಕೊಳ್ಳಬೇಕು.

ಗಡಹಿಂಗ್ಲಜದ ಸುತ್ತಿನ ಹಳ್ಳಿಗಳ ಪ್ರಶ್ನೆಯೇ ಬೇರೆ. ಅಲ್ಲಿ ಬಣ್ಣಕ್ಕಿಂತ ಮೊದಲು ಗೋಡೆಯನ್ನು ಕೇಳಬೇಕು. ಹಿರಣ್ಯಕೇಶಿಯ ಸೀಮೆಯಲ್ಲಿರುವ ನಮ್ಮ ಹಿರಿಯರ ಮನೆಯು ಮಣ್ಣಿನ ಗೋಡೆಯದು, ಹೆಂಚಿನದು. ಅದರಲ್ಲಿ ನಾವೊಂದು ಅವಿವೇಕ ಮಾಡಿದೆವು. ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ, ಮದುವೆಯೊಂದರ ನಿಮಿತ್ತ, ನಡುಮನೆಯ ಹಳೆಯ ಸುಣ್ಣವನ್ನು ಕೆರೆಸಿ, ಪುಟ್ಟಿ ಹಚ್ಚಿಸಿ, ಮೇಲೆ ಹೊಳೆಯುವ ಪ್ಲಾಸ್ಟಿಕ್ ಬಣ್ಣವನ್ನು ಕೊಡಿಸಿದೆವು. ನಮ್ಮ ಅವ್ವನು ಬೇಡವೆಂದಳು: “ಗ್ವಾಡಿಗಿ ಉಸಿರು ಬ್ಯಾಡೇನಪಾ?” ಎಂದಳು. ಬಿ.ಎ., ಬಿ.ಟಿ. ಆದ ನಾವು ನಕ್ಕೆವು. ಮದುವೆಯ ದಿನ ಗೋಡೆಯು ಕನ್ನಡಿಯಂತಿತ್ತು. ಮುಂದಿನ ಆಷಾಢದಲ್ಲಿ ನೆಲದಿಂದ ಮೊಣಕಾಲೆತ್ತರದವರೆಗೆ ಗುಳ್ಳೆಗಳೆದ್ದವು. ಶ್ರಾವಣದಲ್ಲಿ ಬಣ್ಣವು ಹಪ್ಪಳದಂತೆ ಕಳಚಿತು. ಅದರೊಡನೆ ಮಣ್ಣೂ ಉದುರಿತು. ಮಣ್ಣಿನ ಗೋಡೆಯು ಮಳೆಗಾಲದಲ್ಲಿ ನೀರನ್ನು ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ತೇವವು ಹೊರಬೀಳುತ್ತದೆ. ಪ್ಲಾಸ್ಟಿಕ್ ಬಣ್ಣವು ಆ ದಾರಿಯನ್ನು ಕಟ್ಟುತ್ತದೆ. ಅವ್ವನ ಮಾತು ಅಕ್ಷರಶಃ ವಿಜ್ಞಾನವಾಗಿತ್ತು.

ಸುಣ್ಣವನ್ನು ಬಡವರ ಬಣ್ಣವೆಂದು ಕೀಳಾಗಿ ಕಾಣುವವರು ಅದರ ರಸಾಯನವನ್ನು ಗಮನಿಸಬೇಕು. ಸುಟ್ಟ ಸುಣ್ಣದ ಹರಳು ನೀರಿನಲ್ಲಿ ಕುದಿದು ಅರಳುತ್ತದೆ. ಗೋಡೆಗೇರಿದ ಮೇಲೆ ಗಾಳಿಯಲ್ಲಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಗೋಡೆಯ ಮೇಲೆ ಕಲ್ಲಿನದೊಂದು ತೆಳು ಪದರು ಬೆಳೆದಂತೆ. ಕ್ಷಾರಗುಣದಿಂದ ಬೂಷ್ಟನ್ನೂ ತಡೆಯುತ್ತದೆ. ಬಳಿದಾಗ ಮಂಕಾಗಿ ಕಾಣುವುದೆಂದು ಗಟ್ಟಿಯಾಗಿ ಬಳಿಯಬಾರದು. ಒಣಗಿದ ಮೇಲೆ ತಾನೇ ಬೆಳ್ಳಗಾಗುವುದು. ತೆಳುವಾಗಿ ಎರಡು ಮೂರು ಸಲ ಬಳಿಯುವುದು ಲೇಸು. ಹಳದಿಮಣ್ಣು, ಕೆಮ್ಮಣ್ಣು, ಬಟ್ಟೆಗೆ ಹಾಕುವ ನೀಲಿ, ಇವು ಮೂರೂ ಸುಣ್ಣದ ಕ್ಷಾರಕ್ಕೆ ಕೆಡುವುದಿಲ್ಲ. ನಮ್ಮ ಅಜ್ಜಿಯರು ಈ ಮೂರರಲ್ಲಿಯೇ ಮನೆಯನ್ನೆಲ್ಲ ಶೃಂಗರಿಸಿದರು. ಸುಣ್ಣ ಅರಳಿಸುವಲ್ಲಿ ಮಕ್ಕಳನ್ನು ಬಿಡಬೇಡಿರಿ. ಕಣ್ಣಿಗೆ ಸಿಡಿದರೆ ಅಪಾಯ.

ಪಂಚಗಂಗೆಯ ದಂಡೆಯವರಿಗೆ 2005, 2019 ಮತ್ತು 2021ರ ಮಹಾಪೂರಗಳ ನೆನಪು ಮಾಸಿಲ್ಲ. ನೀರು ಇಳಿದೊಡನೆ ಕಲೆಯನ್ನು ಮರೆಸಲು ಅವಸರದಿಂದ ಬಣ್ಣ ಬಳಿಸಿದವರನ್ನು ನಾವು ಕಂಡಿದ್ದೇವೆ. ಕಲೆಯನ್ನು ಕಣ್ಣೆದುರು ಇಟ್ಟುಕೊಳ್ಳುವುದು ಸಂಕಟವೇ ಸರಿ. ಆದರೂ ಗೋಡೆಯು ಪೂರ್ಣ ಆರುವವರೆಗೆ, ತಿಂಗಳುಗಳಾದರೂ ಕಾಯಬೇಕು. ಒಣಗುತ್ತ ಬಂದಂತೆ ಬಿಳಿಯ ಉಪ್ಪು ಹೂವಿನಂತೆ ಮೇಲೇಳುವುದು. ಅದನ್ನು ಒಣ ಬ್ರಶ್ಶಿನಿಂದ ತೆಗೆಯಬೇಕು. ನೀರಿನಿಂದ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುವುದು.

ಈಗ ಅಡುಗೆಮನೆಯ ವಿಷಯ. ನಮ್ಮಲ್ಲಿ ಒಂದು ರೂಢಿಯಿದೆ: ಬೀಗರು ಬಂದು ಕೂರುವ ಪಡಸಾಲೆಗೆ ಬೆಲೆಯುಳ್ಳ ಬಣ್ಣ, ಉಳಿದುದನ್ನು ನಡುಮನೆಗೆ, ಡಬ್ಬಿಯ ತಳದಲ್ಲಿದ್ದುದನ್ನೆಲ್ಲ ಬೆರೆಸಿ ಅಡುಗೆಮನೆಗೆ. ಬೀಗರು ವರ್ಷಕ್ಕೆ ಎಷ್ಟು ದಿನ ಬರುತ್ತಾರೆ? ತಾಯಿಯು ದಿನಕ್ಕೆ ಎಷ್ಟು ತಾಸು ಅಡುಗೆಮನೆಯಲ್ಲಿ ನಿಲ್ಲುತ್ತಾಳೆ? ಮಸಿ ಕಾಣಬಾರದೆಂದು ಕಪ್ಪುಬಣ್ಣ ಬಳಿದರೆ ಅಕ್ಕಿಯಲ್ಲಿಯ ಹರಳೂ ಕಾಣುವುದಿಲ್ಲ, ಬೇಳೆಯಲ್ಲಿಯ ಹುಳವೂ ಕಾಣುವುದಿಲ್ಲ. ಒಗ್ಗರಣೆಯ ಹೊಗೆ ತಾಗುವ ಕಡೆ ಎದೆಯೆತ್ತರದವರೆಗೆ ಒರೆಸಲು ಬರುವ ತಿಳಿಯ ಎಣ್ಣೆಬಣ್ಣ, ಮೇಲೆ ಬಿಳಿ, ಇಷ್ಟಾದರೆ ಸಾಕು. ಯಾವ ಬಣ್ಣವೆಂಬುದನ್ನು ಅಲ್ಲಿ ನಿಲ್ಲುವವರನ್ನೇ ಕೇಳಿರಿ. ಹಲವು ಮನೆಗಳಲ್ಲಿ ಹೆಣ್ಣುಮಕ್ಕಳು ಓದುವುದೂ ಅದೇ ಅಡುಗೆಮನೆಯಲ್ಲಿ, ಒಲೆಯ ಮೇಲೊಂದು ಕಣ್ಣಿಟ್ಟುಕೊಂಡು ಎಂಬುದನ್ನು ನಾವು ಬಲ್ಲೆವು.

ಬಾಗಿಲು-ಕಿಟಕಿಗಳ ಹಳೆಯ ಬಣ್ಣದ ಬಗೆಗೆ ಮಾತ್ರ ತಾವು ವಿಶೇಷ ಲಕ್ಷ್ಯವಿಟ್ಟು ಕೇಳಬೇಕು. ಹಿಂದಿನ ಎಣ್ಣೆಬಣ್ಣಗಳಲ್ಲಿ, ವಿಶೇಷವಾಗಿ ಹೊಳೆಯುವ ಹಳದಿ, ಕೆಂಪು, ಹಸಿರುಗಳಲ್ಲಿ, ಸೀಸವನ್ನು ಬೆರೆಸುವ ಪದ್ಧತಿಯಿತ್ತು. ಸೀಸವು ಬೆಳೆಯುವ ಮಕ್ಕಳ ಮಿದುಳಿಗೆ ವಿಷ, ಗ್ರಹಣಶಕ್ತಿಯನ್ನು ಕುಂದಿಸುತ್ತದೆ. ಭಾರತ ಸರಕಾರವು 2016ರಲ್ಲಿ ನಿಯಮ ಮಾಡಿ, ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂದು ವಿಧಿಸಿತು. 2017ರ ನವೆಂಬರ 1ರಿಂದ ಅದು ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಪದರುಗಳು ನಮ್ಮ ಬಾಗಿಲುಗಳ ಮೇಲೆ ಇನ್ನೂ ಇವೆ. ದಸರೆಯ ರಜೆಯಲ್ಲಿ ಮಕ್ಕಳ ಕೈಗೇ ಉಸುಕಿನ ಕಾಗದವನ್ನು ಕೊಟ್ಟು ಬಾಗಿಲನ್ನು ಉಜ್ಜಿಸುವ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿರಿ. ಆ ಧೂಳೇ ಅಪಾಯಕಾರಿ. ಹಳೆಯ ಪದರು ಗಟ್ಟಿಯಾಗಿದ್ದರೆ ಅದರ ಮೇಲೆಯೇ ಹೊಸ ಬಣ್ಣ ಕೊಡಬಹುದು. ಸಿಪ್ಪೆಯೆದ್ದಿದ್ದರೆ ನೀರು ಚಿಮುಕಿಸಿ ಒದ್ದೆಯಾಗಿಯೇ ಉಜ್ಜಬೇಕು. ಬೆಂಕಿ ಹಿಡಿದು ಸುಡಬಾರದು. ಮಕ್ಕಳನ್ನೂ ಬಸುರಿಯರನ್ನೂ ದೂರವಿಡಬೇಕು. ನೆಲವನ್ನು ಗುಡಿಸದೆ ಒದ್ದೆಯ ಅರಿವೆಯಿಂದ ಒರೆಸಬೇಕು. ಹೊಸ ಡಬ್ಬಿಯನ್ನು ಕೊಳ್ಳುವಾಗ ಸೀಸದ ಮಿತಿಯನ್ನು ಅದರ ಮೇಲೆ ಮುದ್ರಿಸಿದ್ದಾರೆಯೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಓದಿ ಹೇಳಲಿ. ಕಲಿತ ಅಕ್ಷರಕ್ಕೆ ಅದೂ ಒಂದು ಉಪಯೋಗ.

ದೇವರಮನೆ, ಬಚ್ಚಲುಗಳ ವಿಷಯದಲ್ಲಿ ನಮ್ಮಲ್ಲಿ ವಾದಗಳು ಹೆಚ್ಚು, ಕೆಲಸ ಕಡಿಮೆ. ಅವುಗಳನ್ನು ತಮತಮಗೇ ಬಿಡುತ್ತೇವೆ.

ನಮ್ಮ ಶಾಲೆಗೂ ಈ ರಜೆಯಲ್ಲಿ ಬಣ್ಣವಾಗಲಿದೆ. ದಾನಿಗಳ ಹಣವು ಒಳಗೋಡೆಗಳಿಗೆ ಮಾತ್ರ ಸಾಲುವುದು. ರಸ್ತೆಗೆ ಕಾಣುವ ಮುಂಭಾಗವು ಈ ವರ್ಷ ಹಾಗೆಯೇ ಉಳಿಯುವುದು. ಇದಕ್ಕೆ ಸಮಿತಿಯವರು ಒಪ್ಪಿಗೆ ಕೊಟ್ಟುದು ದೊಡ್ಡ ಮಾತು. ಬಣ್ಣವನ್ನು ನಾವೊಬ್ಬರೇ ನಿಶ್ಚಯಿಸುವುದಿಲ್ಲ. ಐದನೆಯ ಇಯತ್ತೆಯ ಕೋಣೆಯು ಎಲ್ಲಕ್ಕಿಂತ ಕತ್ತಲೆಯದು. ಅದರ ಒಳಗೋಡೆಯ ಮೇಲೆ ಎರಡೆರಡು ಅಡಿಯ ನಾಲ್ಕು ಪಟ್ಟಿಗಳನ್ನು ಬಳಿದಿದ್ದೇವೆ: ಬಿಳಿ, ಕೆನೆ, ತಿಳಿಹಸಿರು, ತಿಳಿನೀಲಿ. ಮಕ್ಕಳು ಮೂರು ದಿನಗಳಿಂದ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಿಂದಿನ ಬೆಂಚಿನಲ್ಲಿ ಕುಳಿತು ಪುಸ್ತಕ ಹಿಡಿದು ನೋಡಿ, ತಮಗನಿಸಿದುದನ್ನು ವಹಿಯಲ್ಲಿ ಬರೆಯುತ್ತಿದ್ದಾರೆ. ತಿಳಿನೀಲಿಯು ಬೆಳಿಗ್ಗೆ ಬಹಳ ಮತಗಳನ್ನು ಪಡೆದು, ಸಂಜೆಯ ದೀಪಕ್ಕೆ ಎಲ್ಲವನ್ನೂ ಕಳೆದುಕೊಂಡಿತು. ಸಭೆ ಮುಗಿದ ಮೇಲೆ ತಾವೆಲ್ಲರೂ ಅಲ್ಲಿಗೆ ಬರಬೇಕು. ಮೊದಲು ದೀಪವಿಲ್ಲದೆ ನೋಡಿರಿ, ಆಮೇಲೆ ದೀಪ ಹಚ್ಚಿ ನೋಡಿರಿ. ಗುಂಡಿಯು ಬಾಗಿಲಿನ ಬಲಕ್ಕಿದೆ. ವಹಿಯು ಮೇಜಿನ ಮೇಲಿದೆ. ತಾಯಂದಿರ ಅಭಿಪ್ರಾಯಕ್ಕಾಗಿ ಕೊನೆಯ ಎರಡು ಪುಟಗಳನ್ನು ಖಾಲಿ ಬಿಟ್ಟಿದ್ದೇವೆ.